ಅಂಚು ಕಟ್ಟದ ಮೊರ

"ಗುರುಗಳೇ, ಮೈಯಲ್ಲಿ ಕಾಯಿಲೆಯಿಲ್ಲ, ಹೊಟ್ಟೆಗೆ ಕಡಿಮೆಯಿಲ್ಲ. ಆದರೂ ನನಗೆ ಯಾಕಿಷ್ಟು ದಣಿವು?" ಎಂದು ಶಿಷ್ಯ ಕೇಳಿದ.

ಅವನು ಊರೂರು ತಿರುಗಿ ಪ್ರವಚನ ಮಾಡಿ ಆಗಷ್ಟೇ ಮಠಕ್ಕೆ ಮರಳಿದ್ದ. ಹೋದಲ್ಲೆಲ್ಲ ಜನ ಸೇರಿದ್ದರು, ಹಾರ ಹಾಕಿದ್ದರು, ತಲೆದೂಗಿದ್ದರು. ಅದನ್ನೂ ಹೇಳಿದ. ಹೇಳುವಾಗ ಅವನ ದನಿ ಸೋತಿತ್ತು. ಗುರುಗಳು ಗೋಡೆಗೆ ಒರಗಿ ಕುಳಿತು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇದರ ಮುದುಕಿ ಇದ್ದಳು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವುದು ಅವಳ ಕಸುಬು. ಅವಳ ಮಗಳಿಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಕಂಡ ದೇವರಿಗೆಲ್ಲ ಕೈಮುಗಿದ ಮೇಲೆ ಒಂದು ಹೆಣ್ಣುಕೂಸು ಹುಟ್ಟಿತು.

ಆ ಊರ ಮೇದರಲ್ಲಿ ಒಂದು ಪದ್ಧತಿ. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಹೊಸ ಮೊರದಲ್ಲಿ ಮಲಗಿಸಬೇಕು. ಆ ಮೊರವನ್ನು ತಾಯಿಯ ತಾಯಿಯೇ ಹೆಣೆಯಬೇಕು. ಅದರ ಸೀಳುಗಳೆಲ್ಲ ಒಂದೇ ಬಿದಿರು ಗಳದಿಂದ ಬರಬೇಕು. ಮುದುಕಿ ಬಿದಿರು ಮೆಳೆಯಲ್ಲೆಲ್ಲ ಹುಡುಕಿ ಒಂದು ಎಳೆಯ ಗಳ ಕಡಿದು ತಂದಳು. ಅದನ್ನು ಸೀಳಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟಳು.

ಹೆಸರಿಡುವ ಹಿಂದಿನ ದಿನ ಊರಿನಲ್ಲಿ ಕೈಕಸುಬಿನ ಹಬ್ಬ ನಡೆಯುವುದಿತ್ತು. ಹಬ್ಬ ನಡೆಸುವವನು ಮುದುಕಿಯ ಮನೆಗೇ ಬಂದು, ಚಪ್ಪರದಲ್ಲಿ ಕುಳಿತು ಜನರ ಮುಂದೆ ಹೆಣೆಯಬೇಕೆಂದು ಕೇಳಿಕೊಂಡ. ಹೇಗೂ ಹೆಣೆಯಲೇಬೇಕು, ಮನೆಯಲ್ಲಿ ಹೆಣೆದರೇನು, ಚಪ್ಪರದಲ್ಲಿ ಹೆಣೆದರೇನು ಎಂದುಕೊಂಡಳು ಮುದುಕಿ. ಸೀಳಿನ ಕಟ್ಟನ್ನು ಎತ್ತಿಕೊಂಡು ಹೊರಟಳು.

ಬೆಳಗಿನ ಜನ ಸುತ್ತ ನೆರೆದು ಬಾಯಿ ತೆರೆದು ನೋಡಿದರು. ಇಂಥ ಕೈ ಎಲ್ಲೂ ಕಂಡಿಲ್ಲ ಎಂದರು. ಹೊಗಳಿಕೆ ಕೇಳುವಾಗ ಯಾರ ಕಿವಿ ತಾನೇ ಮಂದ? ಮುದುಕಿಗೆ ಹಿಗ್ಗಾಯಿತು. ಇನ್ನೇನು ಅಂಚು ಕಟ್ಟಬೇಕು, ಅಷ್ಟರಲ್ಲಿ ಹಬ್ಬ ನಡೆಸುವವನು ಓಡಿಬಂದ. ಹೊಸ ಜನ ಬರುತ್ತಿದ್ದಾರೆ, ಮುಗಿಸಿಬಿಟ್ಟರೆ ಅವರು ನೋಡುವುದೇನು, ಬಿಚ್ಚಿ ಮೊದಲಿನಿಂದ ತೋರಿಸಿ ಎಂದು ನಯವಾಗಿ ಹೇಳಿದ. ಮುದುಕಿ ಬಿಚ್ಚಿದಳು.

ಮಧ್ಯಾಹ್ನವೂ ಹಾಗೇ ಆಯಿತು. ಮೊರ ಅಂಚಿನವರೆಗೆ ಬರುವುದು, ಹೊಸಬರು ಬರುವುದು, ಅವಳು ಬಿಚ್ಚುವುದು. ಪಕ್ಕದಲ್ಲಿ ಒಬ್ಬ ಕುಂಬಾರ ತಿರುಗಣೆ ತಿರುಗಿಸುತ್ತಿದ್ದ. ಅವನೂ ಎತ್ತಿದ ಮಡಕೆಯನ್ನು ಮುದ್ದೆ ಮಾಡಿ ಮತ್ತೆ ಎತ್ತಿ ತೋರಿಸುತ್ತಿದ್ದ. ಅವನಿಗೆ ನೋಡಿ ತಡೆಯಲಾಗಲಿಲ್ಲ.

"ಅಕ್ಕಾ, ನಂದು ಮಣ್ಣು. ಎಷ್ಟು ಸಲ ಕೆಡಿಸಿದ್ರೂ ಮತ್ತೆ ಮಡಕೆ ಆಗ್ತದೆ. ನಿಂದು ಬಿದಿರು. ಮಣಿಸಿದ ಕಡೆಯೇ ಮತ್ತೆ ಮಣಿಸಿದ್ರೆ ಉಳೀತದಾ?"

"ಇದೊಂದು ಸಲ ತೋರಿಸಿಬಿಡ್ತೀನಿ, ಆಮೇಲೆ ಅಂಚು ಕಟ್ಟೋದೇ" ಎಂದಳು ಮುದುಕಿ.

ಬಿದಿರಿನ ಗುಣ ಅವಳಿಗೆ ತಿಳಿಯದ್ದೇನಲ್ಲ. ಆದರೆ ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸಂಜೆ ಜನ ಕರಗಿದರು. ಮುದುಕಿ ಅಂಚು ಕಟ್ಟಲು ಕುಳಿತಳು. ಒಣಗಿದ ಸೀಳುಗಳು ಮಣಿದಲ್ಲೆಲ್ಲ ಚಟಚಟನೆ ಮುರಿದವು. ಅದೇ ಗಳದ ಸೀಳು ಬೇರೆ ಇರಲಿಲ್ಲ, ಹೊಸ ಗಳ ಹುಡುಕಿ ತಂದು ಹೆಣೆಯಲು ಹೊತ್ತೂ ಉಳಿದಿರಲಿಲ್ಲ. ಒಂದೊಂದು ಮದುವೆಯ ಕಾಲದಲ್ಲಿ ಅವಳು ಹಗಲಿಡೀ ಬುಟ್ಟಿ ಹೆಣೆದವಳು. ಆಗ ಬೆರಳು ಬಾತುಕೊಂಡರೂ ಉಂಡು ಮಲಗಿದರೆ ನಿದ್ದೆ ಬರುತ್ತಿತ್ತು. ಈ ದಣಿವೇ ಬೇರೆ. ಎದ್ದು ಮನೆಗೆ ನಡೆಯುವುದೂ ಬೇಡವೆನಿಸಿತು.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ತಾಯಿಯ ಬರಿಗೈ ನೋಡಿದಳು.

"ದಿನವೆಲ್ಲ ಹೆಣೆದೆಯಂತೆ. ಊರೆಲ್ಲ ನಿಂದೇ ಮಾತು. ಕೂಸಿನ ಮೊರ ಎಲ್ಲವ್ವಾ?"

ಮುದುಕಿಗೆ ನಾಚಿಕೆಯಾಯಿತು, ಅಳು ಬಂತು. ಮರುದಿನ ಪಕ್ಕದ ಮನೆಯಿಂದ ರಾಗಿ ಕೇರುವ ಹಳೆಯ ಮೊರ ತಂದು ಕೂಸನ್ನು ಮಲಗಿಸಿದರು. ಮೊರ ಹೆಣೆಯುವವರ ಮನೆಗೆ ಮೊರ ಎರವಲು ಬಂತು. ಕೂಸಿಗೆ ಅದು ತಿಳಿಯಲಿಲ್ಲ. ಮಗಳು ಮಾತ್ರ ಆ ದಿನ ತಾಯಿಯ ಮುಖ ನೋಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಮುದುಕಿಯ ಮೇಲೆ ಕನಿಕರ ಉಕ್ಕಿತು. ತಪ್ಪೆಲ್ಲ ಹಬ್ಬ ನಡೆಸಿದವನದೇ, ಪಾಪ, ಅವಳು ಕೇಳಿದವರಿಗೆ ತೋರಿಸಿದಳಷ್ಟೆ ಎಂದ.

ಗುರುಗಳು ಅವನನ್ನೇ ನೋಡಿದರು.

"ನಿನ್ನ ಪ್ರವಚನ ಮುಗಿದ ಮಾರನೆಯ ದಿನ, ಕೇಳಿದವರ ಬದುಕಿನಲ್ಲಿ ಅದು ನೆಲೆ ನಿಂತಿತೇ ಎಂದು ನೋಡಲು ಯಾವ ಊರಿನಲ್ಲಾದರೂ ಉಳಿದಿದ್ದೀಯಾ?"

ಶಿಷ್ಯ ತಲೆ ತಗ್ಗಿಸಿದ.