ಒಳಗೆ ಹೋಗಲೊಪ್ಪದ ಅಲಗು

ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಕಡಲಲ್ಲಿ ಸಾಗುವುದನ್ನು ಸುಗಂಧಿ ಕಲಿತದ್ದೇ ತನ್ನಿಂದ ಎಂದು ಹಲಗೆಯಡಿಯ ಮಡಚುವ ಅಲಗಿಗೆ ಬಲು ಹೆಮ್ಮೆ. ಅದು ನೀರಿನಾಳಕ್ಕೆ ಚಾಚಿಕೊಂಡು ಹಲಗೆ ವಾಲದಂತೆ ನೋಡಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಜೋರಾಯಿತು.

“ಅಲಗಣ್ಣಾ, ಇನ್ನು ನನ್ನ ಹೊಟ್ಟೆಯೊಳಗೆ ಮಡಚಿಕೋ,” ಎಂದಿತು ಹಲಗೆ. “ಇವಳೀಗ ನೀರನ್ನು ಸೀಳುತ್ತಾ ಹೋಗುವವಳಲ್ಲ, ನೀರಿನ ಮೇಲೆಯೇ ಜಾರುವವಳು.”

“ಬಿದ್ದರೆ ಯಾರು ಹೊಣೆ? ಮೊದಲ ದಿನದಿಂದ ಇವಳನ್ನು ಕಾಯ್ದದ್ದು ನಾನು,” ಎಂದು ಅಲಗು ಬಿಗಿದುಕೊಂಡು ನಿಂತಿತು. ಹಲಗೆಯ ಮೇಲೆ ಚಾಚಿದ ಅದರ ತುದಿಯನ್ನು ಸುಗಂಧಿ ಕಾಲಿನಿಂದ ಒತ್ತಿದರೂ ಅದು ಕದಲಲಿಲ್ಲ.

ವೇಗ ಏರಿತು. ನುಗ್ಗಿಬಂದ ನೀರು ಆ ಅಲಗಿಗೇ ಬಡಿದು ಹಲಗೆಯನ್ನು ಮಗುಚಿಹಾಕಿತು. ಸುಗಂಧಿ ಮುಳುಗಿ ಎದ್ದು ಉಪ್ಪುನೀರು ಉಗಿದಳು. “ನಿನ್ನ ಉಪಕಾರ ಸಾಕು ಮಾರಾಯ,” ಎನ್ನುತ್ತಾ ಎರಡೂ ಕೈ ಹಾಕಿ ಅಲಗನ್ನು ಒಳಗೆ ನೂಕಿದಳು.

ಮತ್ತೆ ಗಾಳಿ ಬೀಸಿದಾಗ ಹಲಗೆ ನೀರಿನಿಂದ ಮೇಲೆದ್ದು ಜಾರತೊಡಗಿತು.

“ಬಿದ್ದಳೇ?” ಎಂದು ಕತ್ತಲಲ್ಲಿ ಕೂತ ಅಲಗು ಕೇಳಿತು.

“ಇಲ್ಲ. ನಗುತ್ತಿದ್ದಾಳೆ.”

“ನನ್ನನ್ನು ನೆನೆಸಿಕೊಂಡಳೇ?”

“ಇಲ್ಲ,” ಎಂದಿತು ಹಲಗೆ. “ಚೆನ್ನಾಗಿ ಕಲಿಸಿದ್ದೀಯ.”