ಮುಂಬಾಗಿಲ ಕಡಲೆಕಾಳು

ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಗುಮಾಸ್ತೆ ತಲೆ ತಗ್ಗಿಸಿ ನಿಂತಿದ್ದಳು. ಸಾಹುಕಾರ ಕೊಟ್ರಪ್ಪನವರು ವೆಬ್‌ಸೈಟಿಗೆ ಬಂದುಹೋದವರ ಲೆಕ್ಕದ ರಿಪೋರ್ಟ್ ಹಿಡಿದು ಗುಡುಗುತ್ತಿದ್ದರು.

“ನಮ್ಮನ್ನ ಹುಡುಕಿ ಬರೋರು ಅರ್ಧಕ್ಕರ್ಧ ಕಮ್ಮಿ! ಎಲ್ಲಿ ಹೋದ್ರು? ನಾಳೆ ಮಧ್ಯಾಹ್ನದೊಳಗೆ ಹುಡುಕಿಕೊಡು. ಇಲ್ಲಾಂದ್ರೆ ನೀನೂ ಹೊರಡು.”

ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದವನೂ ಹೀಗೇ ಹೋಗಿದ್ದ. ಮೊಬೈಲಿನಲ್ಲಿ ವೆಬ್‌ಸೈಟ್ ನೋಡುವವರನ್ನೆಲ್ಲ ಬೇರೆ ಪುಟಕ್ಕೆ ತಿರುಗಿಸು ಎಂದವರು ಸಾಹುಕಾರರೇ. ಆದರೆ ತಪ್ಪು ನಿಮ್ಮದೆಂದು ಅವರ ಮುಖಕ್ಕೆ ಹೇಳುವವರು ಯಾರು?

ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಗಿರಾಕಿಯೊಬ್ಬರು ಒಳಗೆ ಬಂದರೆ ಮುಂಬಾಗಿಲ ಕಾವಲುಗಾರ ಮೌಲಾಸಾಬ್ ಲೆಕ್ಕಕ್ಕೆಂದು ಡಬ್ಬಿಗೊಂದು ಕಡಲೆಕಾಳು ಹಾಕುತ್ತಿದ್ದ. ಮರುದಿನ ಬೆಳಿಗ್ಗೆ ಅವಳು ಆ ಬಾಗಿಲಿಗೆ ಬೋರ್ಡ್ ತೂಗುಹಾಕಿದಳು: ‘ಮೊಬೈಲ್ ಇರುವವರು ಪಕ್ಕದ ಬಾಗಿಲಿಂದ ಬನ್ನಿ.’

ಮಧ್ಯಾಹ್ನ ಸಾಹುಕಾರರು ಬಂದು ನೋಡಿದರೆ ಡಬ್ಬಿಯಲ್ಲಿ ಮೂರೇ ಕಾಳು! ಮುಖ ಬಿಳಿಚಿತು. ಒಳಗೆ ನುಗ್ಗಹೋದರೆ ಮೌಲಾಸಾಬ್ ಅಡ್ಡ ನಿಂತ.

“ಕೈಯಾಗ ಮೊಬೈಲ್ ಐತಲ್ರೀ ಧಣಿ. ಪಕ್ಕದ ಬಾಗಿಲು.”

ಬೈದುಕೊಂಡೇ ಸುತ್ತಿ ಬಂದರು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ.

“ಇವರೆಲ್ಲ ಡಬ್ಬೀಲಿ ಯಾಕಿಲ್ಲ?”

ಗುಮಾಸ್ತೆ ಮುಂದೆ ಬಂದಳು. “ಡಬ್ಬಿ ಇರೋದು ಮುಂಬಾಗಿಲಲ್ಲಿ, ಸಾವ್ಕಾರ್ರೆ. ನೀವು ನೋಡಿದ ರಿಪೋರ್ಟೂ ಹಳೇ ಪುಟದ್ದು ಮಾತ್ರ. ಮೊಬೈಲ್ ಪುಟಕ್ಕೆ ಬೇರೆ ರಿಪೋರ್ಟ್ ಇದೆ, ಯಾರೂ ತೆರೆದಿಲ್ಲ. ಕಾಣೆಯಾದವರನ್ನ ಹುಡುಕಿಕೊಟ್ಟಿದ್ದೀನಿ. ಅವರಲ್ಲಿ ಈಗ ತಾವೂ ಒಬ್ಬರು.”

ಅವಳು ಕಣ್ಣು ಮುಚ್ಚಿಕೊಂಡಳು.

ಸಾಹುಕಾರರು ಹೊರಗೆ ಹೋಗಿ, ಮೊಬೈಲನ್ನು ಮೌಲಾಸಾಬನ ಕೈಗಿತ್ತು, ಮುಂಬಾಗಿಲಿಂದ ಒಳಗೆ ಬಂದು, ತಮ್ಮ ಕಾಳು ಡಬ್ಬಿಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದರು.