ನರಿ ಕೂಗದ ದಿಬ್ಬ

ಬಯಲುಸೀಮೆಯ ಹೆದ್ದಾರಿಯನ್ನು ಬಿಟ್ಟು, ಜಾಲಿ, ತಂಗಡಿ ಬೆಳೆದ ಮಣ್ಣುದಾರಿಯಲ್ಲಿ ಪಡುವಣಕ್ಕೆ ಸಾಗಿದರೆ ಅಗಲವಾದ ಒಂದು ದಿಬ್ಬ ಸಿಗುತ್ತದೆ. ಅದರ ನೆತ್ತಿಯ ಮೇಲೆ ಹೆಂಚಿನ ಮನೆಗಳು, ಈಚೀಚೆಗೆ ಎದ್ದ ತಾರಸಿ ಮನೆಗಳು ಬೆರೆತ ಒಂದು ಹಟ್ಟಿ. ಊರ ಬಾಯಿಯ ಹಳದಿ ಫಲಕದ ಮೇಲೆ 'ನರಿಕೂಗು' ಎಂದು ಬರೆದಿದೆ. ಹೆಸರು ಓದಿ ಬಂದವರು, ನರಿಗಳು ಯಾವ ಹೊತ್ತಿಗೆ ಕೂಗುತ್ತವೆ, ಎಲ್ಲಿ ನಿಂತರೆ ಕಾಣುತ್ತವೆ ಎಂದು ಕೇಳುವುದುಂಟು. ಹುಡುಗರು ನಗುತ್ತಾರೆ. ವಯಸ್ಸಾದ ಗಂಡಸರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ. ಹಿಂದೆ ಇಲ್ಲಿ ನರಿಗಳ ಹಿಂಡೇ ಇತ್ತೆಂದು ಯಾರೋ ಓದಿದವರು ಬರೆದದ್ದೂ ಉಂಟು. ಬರೆಯಲಿ, ಬರೆಯುವವರ ಕೈ ಹಿಡಿಯುವವರು ಯಾರು! ಈ ದಿಬ್ಬದಲ್ಲಿ ನರಿ ಕೂಗಿದ್ದನ್ನು ಯಾರೂ ಕೇಳಿಲ್ಲ. ಈ ಹೆಸರಿಗೆ ಕಾರಣವಾದ ದಿನವಂತೂ ಖಂಡಿತ ಕೂಗಿರಲಿಲ್ಲ.

ಹಿಂದೆ ಒಮ್ಮೆ, ಈಗಿನ ಮುದುಕರ ಮುತ್ತಜ್ಜಂದಿರ ಕಾಲದಲ್ಲಿ, ಹಟ್ಟಿ ದಿಬ್ಬದ ಮೇಲಿರಲಿಲ್ಲ ಎನ್ನುತ್ತಾರೆ. ಕೆಳಗಿನ ಬಯಲಿನಲ್ಲಿ, ಸುತ್ತ ಕಾರೆಮುಳ್ಳಿನ ಬೇಲಿ ಕಟ್ಟಿಕೊಂಡು ಕುರಿ ಕಾಯುವವರ ಗುಡಿಸಲುಗಳಿದ್ದವು. ನಡುವೆ ದೇವರ ಗುಡಿ. ದೇವರಿರುವ ಬೇಲಿಯೊಳಗೆ ಮುಟ್ಟಾದವಳು ಇರಬಾರದು, ಹೆತ್ತವಳೂ ಇರಬಾರದು ಎಂಬುದು ಕಟ್ಟಳೆ. ಹೆರಿಗೆಯ ನೋವು ಬಂದವಳು ದಿಬ್ಬದ ಮೇಲಿನ ಸೊಪ್ಪಿನ ಗುಡಿಸಲಿಗೆ ಹೋಗಬೇಕು; ಹೆತ್ತು, ಕೂಸಿನೊಡನೆ ತಿಂಗಳುಗಟ್ಟಲೆ ಅಲ್ಲಿಯೇ ಇರಬೇಕು. ಅವಳನ್ನು ಮುಟ್ಟಿದವರಿಗೂ ಅದೇ ಮೈಲಿಗೆ. ಪೂಜಾರಿ ಗಂಜಲ ಚಿಮುಕಿಸಿ ಕರೆಯುವ ತನಕ ಅವರೂ ಬೇಲಿಯ ಹೊರಗೇ. ಅನ್ನದ ಮಡಕೆಯನ್ನು ದೂರದಲ್ಲಿಟ್ಟು ಬರುತ್ತಿದ್ದರು. ಕುರಿ ಈದರೆ ಮರಿಯನ್ನು ಕಂಬಳಿಯೊಳಗೆ ಸುತ್ತಿ ಎದೆಗವುಚಿಕೊಂಡು ಒಳಗೆ ತರುತ್ತಿದ್ದ ಜನವೇ ಇದನ್ನೂ ಮಾಡುತ್ತಿತ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಈಗಿನವರಿಗೆ ನಾಚಿಕೆಯಾಗುತ್ತದೆ. ಆಗಿನವರಿಗೆ ಅದು ಹೊಳೆದೇ ಇರಲಿಲ್ಲ.

ಆ ಹಟ್ಟಿಯ ಯಜಮಾನ ಗಾದ್ರಪ್ಪ. ಕೆಟ್ಟವನಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ನ್ಯಾಯ ಅವನದಲ್ಲವೆಂದು ನೆರೆಹಟ್ಟಿಯವರೂ ಹೇಳುತ್ತಿದ್ದರು, ಅದೇ ಅವನಿಗೆ ಕಿರೀಟ. ಹಿಂದಿನ ವರ್ಷ ಒಬ್ಬ ಹುಡುಗ ಮಳೆಯಲ್ಲಿ ನೆನೆಯುತ್ತಿದ್ದ ಬಾಣಂತಿ ಹೆಂಡತಿಗೆ ಕಂಬಳಿ ಹೊದಿಸಿ ಬಂದದ್ದಕ್ಕೆ, ಅವನನ್ನು ತಿಂಗಳು ಪೂರ್ತಿ ಬೇಲಿಯ ಹೊರಗೆ ಮಲಗಿಸಿದ್ದ. ಈ ವರ್ಷ ಅವನ ಒಬ್ಬಳೇ ಮಗಳು ಚಿತ್ರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗೆ ತಾಯಿಯಿಲ್ಲ, ಸಾಕಿದವಳು ಗಾದ್ರಪ್ಪನ ಅಕ್ಕ, ಗಂಡ ಸತ್ತು ತಮ್ಮನ ಮನೆಯಲ್ಲಿದ್ದ ಕಾಟಮ್ಮ. ನೋವು ಬಂದಾಗ ಚಿತ್ರವ್ವ ಒಂದು ಚಾಪೆ, ಒಂದು ಕುಡುಗೋಲು ಹಿಡಿದು ದಿಬ್ಬಕ್ಕೆ ಹೋದಳು. ಮಾರನೆಯ ದಿನ ಕೂಸಿನ ಅಳು ಕೇಳಿಸಿತು. ತಾತನಾದೆನೆಂದು ಗಾದ್ರಪ್ಪ ಎಲ್ಲರಿಗೂ ಬೆಲ್ಲ ಹಂಚಿದ.

ಆ ಸಂಜೆಯೇ ಮೋಡ ಕವಿದು ಆಲಿಕಲ್ಲು ಮಳೆ ಹೊಡೆಯತೊಡಗಿತು. ಗಂಡಸರೆಲ್ಲ ಗುಡಿಯ ಮುಂದಿನ ಚಪ್ಪರದಡಿ ಸೇರಿದ್ದರು. ಗಾಳಿ ದಿಬ್ಬದ ಕಡೆಯಿಂದಲೇ ಬೀಸುತ್ತಿತ್ತು. ಅದರೊಡನೆ ಒಂದು ಕೂಗು ಬಂತು. "ಅಪ್ಪಾ... ಅಪ್ಪೋ..." ಎಲ್ಲರೂ ಗಾದ್ರಪ್ಪನ ಮುಖ ನೋಡಿದರು. ಕಂಬಳಿ ಹೊದಿಸಿ ತಿಂಗಳು ಹೊರಗೆ ಮಲಗಿದ್ದ ಹುಡುಗನೂ ಅಲ್ಲಿದ್ದ, ಅವನೂ ನೋಡಿದ. "ಯಜಮಾನ್ರೇ, ಯಾರೋ ಕೂಗಿದಂಗಾಯ್ತು," ಎಂದ ಒಬ್ಬ. ಮಗಳ ಗಂಟಲು ಗಾದ್ರಪ್ಪನಿಗೆ ತಿಳಿಯದೇ? ಎದ್ದು ಓಡಬೇಕೆಂದು ಕಾಲು ಹೇಳಿತು. ನಾಳೆ ನಾಲ್ಕು ಜನ ಏನಂದಾರು ಎಂದು ತಲೆ ಹೇಳಿತು. ಅವನು ತಲೆಯ ಮಾತು ಕೇಳಿದ.

"ನರಿ ಕಣ್ರಪ್ಪಾ," ಎಂದ. "ಆಲಿಕಲ್ಲಿಗೆ ಬೆದರೈತೆ."

"ಹೌದೌದು, ನರೀನೇ," ಎಂದರು ಎಲ್ಲರೂ. ಕೂಗು ಇನ್ನೊಮ್ಮೆ ಬಂದಾಗ ಪೂಜಾರಿ ಗಂಟೆ ಬಾರಿಸಿದ.

ನ್ಯಾಯ ನಡೆಯುತ್ತಿದ್ದ ಆ ಚಪ್ಪರದ ಹತ್ತಿರ ಹೆಂಗಸರು ಸುಳಿಯುವಂತಿರಲಿಲ್ಲ. ಕಾಟಮ್ಮ ತಲೆಯ ಮೇಲೊಂದು ಗೋಣಿಕೊಪ್ಪೆ ಹಾಕಿಕೊಂಡು ನೇರ ಅದರ ನಡುವಿಗೇ ಬಂದು ನಿಂತಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

"ಲೇ ಗಾದ್ರಿ," ಎಂದಳು, "ನರೀಗೆ ಅಪ್ಪಾ ಅನ್ನಾಕೆ ಬತ್ತೈತೇನ್ಲಾ?"

ಕಾಟಮ್ಮ ಬೇಲಿಯ ಬಾಯಿಗಿಟ್ಟಿದ್ದ ಮುಳ್ಳುಕೊಂಬೆಯನ್ನು ಎಳೆದು ಬಿಸಾಡಿ ದಿಬ್ಬದತ್ತ ನಡೆದಳು. "ಕಾಟಮ್ಮಾ, ಮುಟ್ಟಿದ್ರೆ ಒಳೀಕೆ ಬರಂಗಿಲ್ಲ!" ಎಂದು ಪೂಜಾರಿ ಕೂಗಿದ್ದಕ್ಕೆ ಅವಳು ತಿರುಗಿಯೂ ನೋಡಲಿಲ್ಲ. ಮಳೆ ನಿಂತ ಮೇಲಾದರೂ ಗಾದ್ರಪ್ಪ ಹೋಗಬಹುದಿತ್ತು. ಬೇಲಿಯ ಬಾಯಿ ತೆರೆದೇ ಇತ್ತು. ಅವನು ತನ್ನ ಕಾಲಬೆರಳು ನೋಡುತ್ತ ಕುಳಿತಿದ್ದ. ಹೋದರೆ ಅದು ನರಿಯಲ್ಲವೆಂದು ತಾನೇ ಒಪ್ಪಿಕೊಂಡಂತಾಗುತ್ತಿತ್ತು.

ಬೆಳಗ್ಗೆ ಕಾಟಮ್ಮ ಬೇಲಿಯ ಆಚೆ ಬಂದು ನಿಂತಳು. ಕೈಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. "ಗುಡ್ಸಲು ಬಿದ್ದೈತೆ. ಅವಳು ಬದುಕವಳೆ. ಇದು ಬದುಕಲಿಲ್ಲ," ಎಂದಳು. ಅಷ್ಟು ಹೇಳಿ ಬಲಗೈಯನ್ನು ಮುಳ್ಳಿನ ಮೇಲಿಂದ ಒಳಗೆ ಚಾಚಿದಳು. "ನಿಮ್ ಕಟ್ಟಳೆ ಪರಕಾರ ನಾನೀಗ ಮೈಲಿಗೆ. ನನ್ನ ಮುಟ್ಟಿದೋಳೂ ಮೈಲಿಗೆ, ಅವಳನ್ನ ಮುಟ್ಟಿದೋಳೂ ಮೈಲಿಗೆ. ಯಾರ್ ಬತ್ತೀರವ್ವಾ, ಬರ್ರಿ."

ಮೊದಲು ಬಂದವಳು ಪೂಜಾರಿಯ ಹೆಂಡತಿ ಬಾಲವ್ವ. ಆ ಸೊಪ್ಪಿನ ಗುಡಿಸಲಿನಲ್ಲಿ ಅವಳು ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು, ಎರಡೂ ಸಲ ದೇವರ ಇಚ್ಛೆ ಎಂದು ಗಂಡ ಹೇಳಿದ್ದ. ಅವಳು ಕಾಟಮ್ಮನ ಕೈ ಹಿಡಿದಳು, ಇನ್ನೊಂದು ಕೈ ಹಿಂದಕ್ಕೆ ಚಾಚಿದಳು. ಅದನ್ನೊಬ್ಬಳು ಹಿಡಿದಳು, ಅವಳದನ್ನು ಮತ್ತೊಬ್ಬಳು. ಹೊತ್ತು ಏರುವಷ್ಟರಲ್ಲಿ ಹಟ್ಟಿಯ ಹೆಣ್ಣುಕುಲವೆಲ್ಲ ಮೈಲಿಗೆಯಾಗಿ, ಕಟ್ಟಳೆಯನ್ನು ಕೂದಲೆಳೆಯಷ್ಟೂ ಮೀರದೆ, ಬೇಲಿಯ ಹೊರಗೆ ನಡೆದುಹೋಯಿತು. ತಡೆಯೋಣವೆಂದರೆ ಮುಟ್ಟಬೇಕು. ಮುಟ್ಟುವಂತಿರಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಮುದುಕಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳುತ್ತಾರೆ. ಗಂಡಸರು ಮುದ್ದೆ ತೊಳಸಿದರಂತೆ. ಹೊರಗೆ ಕಲ್ಲು, ಒಳಗೆ ಹಿಟ್ಟು. ಪೂಜಾರಿಯ ನೈವೇದ್ಯ ಸೀದು, ದೇವರೂ ಉಪವಾಸ ಬಿದ್ದನಂತೆ. ಗಾದ್ರಪ್ಪ ಮಾತ್ರ ಒಲೆ ಹಚ್ಚಲಿಲ್ಲ. ದಿಬ್ಬದ ಮೇಲೆ ಹೆಂಗಸರು ಹೊಸ ಗುಡಿಸಲು ಎತ್ತುವುದನ್ನು ಹಗಲೆಲ್ಲ ನೋಡುತ್ತ ಕೂತಿರುತ್ತಿದ್ದ. ಮಗಳು ಕಾಣುತ್ತಾಳೇನೋ ಎಂದು ಕಣ್ಣು ಹುಡುಕುತ್ತಿತ್ತು. ಕಂಡರೆ ಮುಖ ಎಲ್ಲಿಡುವುದೆಂದು ತಿಳಿಯುತ್ತಿರಲಿಲ್ಲ. ಕಡೆಗೆ ಗಂಡಸರೆಲ್ಲ ತಪ್ಪುಕಾಣಿಕೆಗೆಂದು ಒಂದು ಹೋತ ಹಿಡಿದುಕೊಂಡು, ಯಜಮಾನನನ್ನು ಮುಂದಿಟ್ಟುಕೊಂಡು ದಿಬ್ಬ ಹತ್ತಿದರು. ಗಂಜಲ ಚಿಮುಕಿಸಿ ಎಲ್ಲರನ್ನೂ ಒಳಗೆ ಕರೆದುಕೊಳ್ಳುತ್ತೇವೆ ಎಂದ ಪೂಜಾರಿ. ಬಾಲವ್ವ ನಕ್ಕುಬಿಟ್ಟಳು.

"ಒಳಗೆ ಬರಾಕೆ ನಾವು ಕೇಳಿದ್ವಾ?" ಎಂದಳು ಕಾಟಮ್ಮ. "ಇನ್ನು ಬೇಲಿ ಇಲ್ಲ. ಹೆರಿಗೆ ಮನೇಲಿ, ಒಲೆ ಪಕ್ಕ. ನ್ಯಾಯಕ್ಕೆ ಕೂತರೆ ನಾವೂ ಕೂತ್ಕತೀವಿ. ಮನಸಿದ್ದೋರು ಇಲ್ಲಿಗೆ ಬರ್ರಿ, ದೇವರ್ನೂ ಕರ್ಕಂಬರ್ರಿ."

"ತಪ್ಪುಕಾಣಿಕೆ?" ಎಂದ ಪೂಜಾರಿ, ಹೋತದ ಹಗ್ಗ ಹಿಡಿದು.

"ಹೋತ ಕಡಿದ್ರೆ ಸಂಜೀಗೆ ಉಂಡು ಮರ್ತುಬಿಡ್ತೀರಿ. ಅವತ್ತು ನೀವೆಲ್ಲ ಹೇಳಿದ್ದನ್ನೇ ಈ ದಿಬ್ಬಕ್ಕೆ ಹೆಸರಿಡ್ರಿ. ಮೊಮ್ಮಕ್ಕಳು ಯಾಕೀ ಹೆಸರು ಅಂತ ಕೇಳ್ಬೇಕು. ನೀವು ಬಾಯಿಬಿಟ್ಟು ಹೇಳ್ಬೇಕು."

ಗಾದ್ರಪ್ಪ ಯಜಮಾನಿಕೆಯ ಬೆತ್ತವನ್ನು ಅಕ್ಕನ ಕಾಲ ಬಳಿ ಇಟ್ಟ. "ನರಿಕೂಗು," ಎಂದು ಮೊದಲು ಅಂದವನೂ ಅವನೇ. ಅದಕ್ಕಿಂತ ಕಹಿಯಾದ ಮಾತು ಅವನ ಬಾಯಿಂದ ಎಂದೂ ಬಂದಿರಲಿಲ್ಲ. ಕಾಟಮ್ಮ ಬೆತ್ತ ಎತ್ತಿಕೊಂಡಳು, ಸಾಯುವ ತನಕ ಬಿಡಲಿಲ್ಲ. ಅವಳ ನಂತರ ಅದು ಬಾಲವ್ವನಿಗೆ ಹೋಯಿತು. ಅಕ್ಕಪಕ್ಕದ ಹಟ್ಟಿಗಳ ಹೆಂಗಸರು ಬಂದು ಅವರಿಬ್ಬರ ಬಳಿ ಕೂತು ಹೋಗುತ್ತಿದ್ದರು, ಹೋದಲ್ಲಿ ಒಂದೊಂದೇ ಬೇಲಿ ಬೀಳುತ್ತಿತ್ತು. ದೇವರೂ ಪೂಜಾರಿಯ ತಲೆಯ ಮೇಲೆ ಕಂಬಳಿ ಹೊದ್ದು ಕುಳಿತು ದಿಬ್ಬಕ್ಕೆ ಬಂದ. ಅವನೇನೂ ತಕರಾರು ಮಾಡಿದಂತಿಲ್ಲ.

ತಕರಾರು ಮಾಡದವಳು ಇನ್ನೊಬ್ಬಳಿದ್ದಳು. ಚಿತ್ರವ್ವ ಅಪ್ಪನಿಗೆ ಬಯ್ಯಲಿಲ್ಲ, ಮುನಿಸು ತೋರಿಸಲಿಲ್ಲ. ಮರುವರ್ಷ ಹೆರಿಗೆಗೆ ತವರಿಗೇ ಬಂದಳು. ಬಂದವಳು ಬಾಗಿಲಲ್ಲಿ ನಿಂತು, "ಯಜಮಾನ್ರೇ, ಚೆನ್ನಾಗಿದೀರಾ?" ಎಂದಳು. ಗಾದ್ರಪ್ಪ ಯಜಮಾನಿಕೆ ಬಿಟ್ಟು ಆಗಲೇ ವರ್ಷವಾಗಿತ್ತು. ಅವಳಿಗೆ ನೋವು ಶುರುವಾದಾಗ ಅವನು ಹೊಸ್ತಿಲ ಹೊರಗೆ ಗೋಡೆಗೊರಗಿ ಕೂತ. ಈ ಸಲ ಕರೆದರೆ ಸಾಕು, ಬಾಗಿಲು ಮುರಿದುಕೊಂಡಾದರೂ ಹೋಗುತ್ತಿದ್ದ. ಒಳಗಿನಿಂದ ಅವಳು "ಅತ್ತೇ" ಎಂದು ಕೂಗಿದಳು, "ಬಾಲವ್ವಾ" ಎಂದು ಕೂಗಿದಳು, ಸತ್ತ ತಾಯಿಯನ್ನೂ ಕೂಗಿದಳು. ಕೂಸು ಹುಟ್ಟಿತು, ಬದುಕಿತು. ಅವನು ಮಾತ್ರ ಸಾಯುವವರೆಗೂ ಮಗಳ ಬಾಯಲ್ಲಿ ಯಜಮಾನನಾಗಿಯೇ ಉಳಿದ ಎನ್ನುತ್ತಾರೆ.

ಹೆಸರು ಚೆನ್ನಾಗಿಲ್ಲ, ಬದಲಾಯಿಸಿಕೊಳ್ಳಿ ಎಂದು ಸರ್ಕಾರದವರು ಒಮ್ಮೆ ಬಂದು ಕೇಳಿದ್ದರಂತೆ. ಊರು ಒಪ್ಪಲಿಲ್ಲ. ಹಳೆಯ ಹಟ್ಟಿಯ ಜಾಗ ಈಗ ಹುರುಳಿ ಹೊಲ. ದಿಬ್ಬದ ಮೇಲೆ ಇಂದಿಗೂ ಯಾರ ಮನೆಗೂ ಬೇಲಿಯಿಲ್ಲ. ದೊಡ್ಡಿಗೂ ಮುಳ್ಳು ಬಳಸದೆ ಕಲ್ಲು ಜೋಡಿಸುತ್ತಾರೆ. ಈಗ ಹೆರಿಗೆಗೆ ತಾಲ್ಲೂಕಿನ ಆಸ್ಪತ್ರೆಗೆ ಹೋಗುವುದು ರೂಢಿ. ಅಲ್ಲಿ ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಂಬಳಿ ಹೊದ್ದ ಗಂಡಸೊಬ್ಬ ಕೂತು, ಆಗಾಗ ಬಾಗಿಲ ಕಡೆಗೆ "ಬಂದೆ ಮಗಳೇ, ಇಲ್ಲೇ ಇದೀನಿ" ಎನ್ನುತ್ತಿದ್ದರೆ, ಅವನು ನರಿಕೂಗಿನವನೆಂದು ತಿಳಿಯಬೇಕು. ಯಾರೂ ಕರೆಯಲಿಲ್ಲವಲ್ಲ, ಸುಮ್ಮನಿರಜ್ಜ ಎಂದು ನರ್ಸಮ್ಮ ಗದರುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಗೊಡುತ್ತಾನೆ.